ನೆಚ್ಚಿಕೆ

ನಮ್ಮ ಕಾಲೇಜಿನಲ್ಲಿ ಕ್ರೈಸ್ತ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಆದುದರಿಂದ ನಮ್ಮ ಮತದ ವಿಷಯದಲ್ಲಿ ಗೆಳತಿಯರಿಗೆ ಏನು ಸಂದೇಹ ಬಂದರೂ ಅದನ್ನು ಪರಿಹರಿಸುವ ಭಾರ ನನ್ನ ಮೇಲೆ ಬೀಳುವುದು ವಾಡಿಕೆಯಾಗಿದೆ. ಕ್ರಿಸ್‌ಮಸ್ ಹಬ್ಬದ ಕೇಕನ್ನು ಕುರಿತ ಪ್ರಶ್ನೆಗಳಿಗೆ ಉತ್ತರ ಸುಲಭ. ಕೇಕನ್ನೇ ತಂದುಕೊಟ್ಟರೆ ಆಯಿತು. ಆದರೆ ಕಳೆದ ವರ್ಷ ಒಬ್ಬ ಗೆಳತಿ ಕೇಳಿದ ಪ್ರಶ್ನೆ ಅಂತಹುದಲ್ಲ. "ಏನಾದರೂ ನಿರ್ಧಾರ ಮಾಡಬೇಕಾದಾಗ ನೀವು ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುತ್ತೀರಂತೆ. ಕಷ್ಟ ಬಂದರೆ ಪ್ರಾರ್ಥನೆ ಮಾಡಿ ಸುಮ್ಮನೆ ಕೂಡುತ್ತೀರಂತೆ. ನಿಜವೆ?" ಎಂದಳು. ಕೆಲವರು ಹಾಗೆ ಮಾಡುವುದುಂಟು ಎಂದು ಒಪ್ಪಿಕೊಂಡೆ. ಅಷ್ಟರಲ್ಲಿ ಗಂಟೆ ಬಾರಿಸಿತು. ಉಳಿದ ಉತ್ತರ ಉಳಿದೇ ಹೋಯಿತು. ಸಂಪಾದಕರು ಈ ಸಂಚಿಕೆಗೆ ಒಂದು ಲೇಖನ ಬೇಕೆಂದುದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸತ್ಯವೇದದ ಕನ್ನಡದಲ್ಲಿ 'ನಂಬಿಕೆ', 'ವಿಶ್ವಾಸ' ಎಂಬ ಪದಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಅವು ದೊಡ್ಡ ಪದಗಳು, ದೇವಾಲಯದ ಪದಗಳು. ನಮ್ಮ ಮನೆಯಲ್ಲಿ ಓಡಾಡುವ ಪದ ಬೇರೆ: 'ನೆಚ್ಚು'. ನಮ್ಮದು ಮಳೆಯನ್ನು ನೆಚ್ಚಿದ ಹೊಲ. ಎತ್ತನ್ನು ನೆಚ್ಚಿದ ಗಳೆ, ಮಗಳನ್ನು ನೆಚ್ಚಿದ ಮುಪ್ಪು ಎಂದೆಲ್ಲ ನಮ್ಮ ಸೀಮೆಯ ಜನ ಆಡಿಕೊಳ್ಳುತ್ತಾರೆ. ಒಂದು ವಸ್ತು ಇದೆಯೆಂದು ನಂಬುವುದಕ್ಕೂ ಅದರ ಮೇಲೆ ಭಾರ ಬಿಟ್ಟು ಬದುಕುವುದಕ್ಕೂ ಇರುವ ಅಂತರವೆಲ್ಲ ಈ ಎರಡಕ್ಷರದ ಪದದಲ್ಲಿದೆ ಎಂದು ನನಗೆ ತೋರುತ್ತದೆ. ಗ್ರಂಥಾಲಯದಲ್ಲಿ ಕಿಟ್ಟೆಲರ ನಿಘಂಟನ್ನು ತೆಗೆದು ಈ ಪದವನ್ನು ನೋಡಿದೆ. 1894ರಲ್ಲಿ ಮುದ್ರಣಗೊಂಡ ಆ ಮಹಾಗ್ರಂಥವನ್ನು ರಚಿಸಿದವರು ಬಾಸೆಲ್ ಮಿಷನ್ನಿನ ಪಾದ್ರಿ. ಅದೇ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಮುಂದಿನ ಹತ್ತು ವರ್ಷಗಳೊಳಗೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿದರು. ನಮ್ಮ ಪೂರ್ವಿಕರ ಸಭೆ ಆ ಬೇರಿನಿಂದ ಹುಟ್ಟಿದುದು. ನಿಘಂಟಿನ ಪುಟ ತಿರುವುತ್ತ, ಪರದೇಶದಿಂದ ಬಂದವರೊಬ್ಬರು ನಮ್ಮ ಒಕ್ಕಲಿಗರ ಮಾತನ್ನು ಇಷ್ಟು ಆದರದಿಂದ ಕೂಡಿಸಿಟ್ಟರಲ್ಲ ಎಂದು ಸಂತೋಷವಾಯಿತು. ಇರಲಿ, ಅದು ಬೇರೆಯ ಲೇಖನದ ವಿಷಯ.

ಗದಗ ಸೀಮೆಯ ಎರೆ ಭೂಮಿಯನ್ನು ಬಲ್ಲವರಿಗೆ ಹಿಂಗಾರಿ ಬಿತ್ತನೆಯ ಕಷ್ಟವನ್ನು ವಿವರಿಸಬೇಕಾಗಿಲ್ಲ. ಮಳೆ ಬಂದ ಮರುಕ್ಷಣವೇ ಹೊಲದಲ್ಲಿ ಕಾಲಿಡಲಾಗದು. ಎರೆ ಕಾಲಿಗೆ ಮೆತ್ತಿ ಎಳೆಯುತ್ತದೆ. ಹೆಚ್ಚು ದಿನ ಬಿಟ್ಟರೆ ಮೇಲಿನ ಹಸಿ ಆರಿ ನೆಲ ಬಿರಿಯುತ್ತದೆ. ಈ ಎರಡರ ನಡುವೆ ಹದ ಎಂಬುದೊಂದು ಬರುತ್ತದೆ; ಅದು ಯಾರಿಗೂ ಕಾಯುವುದಿಲ್ಲ. ನಮ್ಮಪ್ಪ ಕ್ರೈಸ್ತನಾದರೂ ಮಳೆಯ ಲೆಕ್ಕವನ್ನು ಇಡುವುದು ನಕ್ಷತ್ರದ ಹೆಸರಿನಲ್ಲಿಯೇ: ಉತ್ತರಿ ಕೈ ಕೊಟ್ಟಿತು, ಹಸ್ತಾ ನೋಡೋಣ, ಎಂದು. ಕೂರಿಗೆ ಹೂಡುವ ಮುನ್ನ ಆತ ಹೊಲದ ಬದುವಿನ ಮೇಲೆ ನಿಂತು ರುಮಾಲು ತೆಗೆದು ಪ್ರಾರ್ಥಿಸುತ್ತಾನೆ. ಪ್ರಾರ್ಥನೆ ಮುಗಿದೊಡನೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಸುಕುತ್ತಾನೆ. ಮಣ್ಣು ಉಂಡೆಯಾಗಿ ನಿಂತರೆ ಮನೆಗೆ ಮರಳುತ್ತಾನೆ. ಹುಡಿಹುಡಿಯಾಗಿ ಉದುರಿದರೆ ಬಿತ್ತುತ್ತಾನೆ. ಪ್ರಾರ್ಥಿಸಿದ್ದೇನೆ, ಇನ್ನು ಮಣ್ಣನ್ನೇಕೆ ನೋಡಬೇಕು ಎಂದು ಆತ ಅಂದುದನ್ನು ನಾನು ಕೇಳಿಲ್ಲ.

ಒಂದು ವರ್ಷ ಹದ ಬಂದುದು ಭಾನುವಾರ. ಆ ದಿನ ದುಡಿಯುವುದು ನಮ್ಮ ಅಜ್ಜಿಯ ಕಾಲದಿಂದ ಮನೆಯಲ್ಲಿ ನಿಷಿದ್ಧ. ಅಪ್ಪ ಬೆಳಗಿನ ಆರಾಧನೆಗೆ ಹೋದ, ಮಧ್ಯಾಹ್ನ ಬಂದು ಕೂರಿಗೆ ಹೂಡಿದ. ನೆರೆಯವರೊಬ್ಬರು ಆಕ್ಷೇಪಿಸಿದಾಗ, ಸಬ್ಬತ್ತಿನ ದಿನ ಎತ್ತು ಬಾವಿಗೆ ಬಿದ್ದರೆ ಮೇಲಕ್ಕೆ ಎಳೆಯದೆ ಬಿಡುವಿರಾ ಎಂದು ಯೇಸುಸ್ವಾಮಿ ಕೇಳಿದುದನ್ನು ನೆನಪಿಸಿ, "ಎರಿ ಹೊಲಾ ಸುದ್ದಾ ಎತ್ತ ಇದ್ದಂಗ" ಎಂದ. ಲೂಕನ ಸುವಾರ್ತೆಗೆ ಇಂತಹ ವ್ಯಾಖ್ಯಾನವನ್ನು ಯಾವ ಪಂಡಿತರೂ ಬರೆದಿರಲಾರರು.

ಆಕಾಶದ ಹಕ್ಕಿಗಳನ್ನು ನೋಡಿರಿ, ಅವು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಆದರೂ ನಿಮ್ಮ ತಂದೆ ಅವುಗಳನ್ನು ಸಾಕುತ್ತಾನೆ ಎಂಬ ಅರ್ಥದ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಜೋಳ ಹಾಲುಗಾಳಾಗುವ ಹೊತ್ತಿಗೆ ಅಟ್ಟದ ಮೇಲೆ ನಿಂತು ಕವಣೆ ಬೀಸಿದ ನನ್ನಂತಹವರಿಗೆ ಈ ಮಾತನ್ನು ಕೇಳಿದಾಗ ಒಳಗೊಳಗೇ ನಗೆ ಬರುತ್ತದೆ. ತಂದೆಯು ಅವುಗಳನ್ನು ಸಾಕುತ್ತಾನೆ ನಿಜ, ಆದರೆ ಸಾಕುವುದು ನಮ್ಮ ಹೊಲದಲ್ಲಿ! ಒಮ್ಮೆ ನಮ್ಮ ಸಭಾಪಾಲಕರ ಮುಂದೆ ಹೀಗೆಂದೆ. ಅವರು ಸಿಟ್ಟಾಗಲಿಲ್ಲ. ಆ ಮಾತನ್ನು ಆಡಿದವನು ಆಡಿದುದು ಬಿತ್ತುವವರ, ಕೊಯ್ಯುವವರ ಮುಂದೆಯೇ ಎಂಬುದನ್ನು ಮರೆಯಬೇಡ; ಬಿತ್ತಬೇಡಿರಿ ಎಂದು ಅವನು ಹೇಳಲಿಲ್ಲ, ಚಿಂತಿಸಬೇಡಿರಿ ಎಂದ; ಬಿತ್ತನೆ ಬೇರೆ, ಚಿಂತೆ ಬೇರೆ ಎಂದರು. ಆ ಎರಡನ್ನು ಬೇರೆ ಮಾಡುವುದು ಎಷ್ಟು ಕಷ್ಟವೆಂಬುದು ಮುಂದೆ ತಿಳಿಯಿತು.

ಇನ್ನು ಬೆರಳಿಡುವ ವಿಷಯ. ಹೊಸ ವರ್ಷದ ಆರಾಧನೆಯಲ್ಲಿ ನಮ್ಮ ಅನೇಕ ಸಭೆಗಳಲ್ಲಿ ಒಂದು ತಟ್ಟೆಯ ತುಂಬ ಪುಟ್ಟ ಚೀಟಿಗಳನ್ನಿಡುತ್ತಾರೆ. ಒಂದೊಂದರಲ್ಲಿ ಒಂದೊಂದು ವೇದವಾಕ್ಯ. ಇದಕ್ಕೆ ವಾಗ್ದಾನದ ಚೀಟಿ ಎಂದು ಹೆಸರು. ಪ್ರತಿಯೊಬ್ಬರೂ ನೋಡದೆ ಒಂದನ್ನು ತೆಗೆದುಕೊಳ್ಳಬೇಕು; ಅದು ಅವರಿಗೆ ಆ ವರ್ಷದ ಮಾತು. ಮದುವೆಯ ವಯಸ್ಸಿನ ಮಗಳಿರುವ ತಾಯಿ ಚೀಟಿಯನ್ನು ಒಂದು ಬಗೆಯಲ್ಲಿ ಓದುತ್ತಾಳೆ, ಸಾಲ ಮಾಡಿದವನು ಇನ್ನೊಂದು ಬಗೆಯಲ್ಲಿ ಓದುತ್ತಾನೆ. ಇದನ್ನು ಬರಿಯ ಮೂಢತನವೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಇದಕ್ಕೆ ಹೋಲುವ ಪದ್ಧತಿ ಜರ್ಮನಿಯಲ್ಲಿಯೂ ಉಂಟು. ಅಲ್ಲಿಯ ಹೆರ್ನ್‌ಹುಟ್ ಎಂಬ ಊರಿನ ಸಹೋದರಸಭೆಯವರು ವರ್ಷದ ಪ್ರತಿಯೊಂದು ದಿನಕ್ಕೂ ಚೀಟಿಯೆತ್ತಿ ಒಂದು ವಾಕ್ಯವನ್ನು ಆರಿಸಿ ಪುಸ್ತಕವಾಗಿ ಅಚ್ಚು ಹಾಕುತ್ತಾರೆ. ಮೊದಲ ಪುಸ್ತಕ ಬಂದುದು 1731ಕ್ಕೆ. ಅಂದಿನಿಂದ ಅದು ನಡೆದುಬಂದಿದೆ.

ಈ ಪುಸ್ತಕವನ್ನು ದಿನವೂ ಓದುತ್ತಿದ್ದವರಲ್ಲಿ ಹಿಟ್ಲರನನ್ನು ಎದುರಿಸಿದ ಡೀಟ್ರಿಕ್ ಬಾನ್‌ಹೋಫರ್ ಎಂಬ ಪಾದ್ರಿಯೂ ಒಬ್ಬ. 1939ರ ಜೂನ್ ತಿಂಗಳಲ್ಲಿ ಮಿತ್ರರು ಅವನನ್ನು ಅಮೆರಿಕಕ್ಕೆ ಕರೆಸಿಕೊಂಡಿದ್ದರು. ಅಲ್ಲಿದ್ದರೆ ಪ್ರಾಣಕ್ಕೆ ಅಪಾಯವಿರಲಿಲ್ಲ, ಕೆಲಸವೂ ಸಿದ್ಧವಾಗಿತ್ತು. ಇರಬೇಕೋ ಮರಳಬೇಕೋ ಎಂಬ ತೊಳಲಾಟದಲ್ಲಿರುವಾಗ, ಜೂನ್ 26ರಂದು ಅವನ ಕಣ್ಣಿಗೆ ಬಿದ್ದುದು ಪೌಲನು ತಿಮೊಥೆಯನಿಗೆ ಬರೆದ ಪತ್ರದ ತುದಿಯ ಮಾತು: ಚಳಿಗಾಲಕ್ಕೆ ಮೊದಲೇ ಬರಲು ಪ್ರಯತ್ನಿಸು ಎಂಬುದು. ಪೌಲನು ತನ್ನ ಶಿಷ್ಯನಿಗೆ ಬರೆದ ಬರಿಯ ಪ್ರಯಾಣದ ಮಾತು ಅದು. ಆದರೂ ಅದು ಬಾನ್‌ಹೋಫರನನ್ನು ದಿನವೆಲ್ಲ ಬೆನ್ನಟ್ಟಿತು. ಅವನು ಜುಲೈ ತಿಂಗಳಲ್ಲಿ ಸ್ವದೇಶಕ್ಕೆ ಮರಳಿದ. ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿ, ನೋಡಿ, ಚೀಟಿ ದಾರಿ ತೋರಿಸಿತು ಎಂದು ಹೇಳುವವರುಂಟು. ಆದರೆ ತನಗೆ ಕೊಡಬಂದ ಕೆಲಸವನ್ನು ಅವನು ಆಗಲೇ ಜೂನ್ 20ರಂದು ನಿರಾಕರಿಸಿದ್ದ. ತನ್ನ ನಿರ್ಧಾರದ ಕಾರಣಗಳು ತನಗೇ ಪೂರ್ತಿ ಸ್ಪಷ್ಟವಿಲ್ಲವೆಂದು ಅಂದೇ ದಿನಚರಿಯಲ್ಲಿ ಬರೆದುಕೊಂಡಿದ್ದ. ವಾಕ್ಯ ಬಂದುದು ಆರು ದಿನಗಳ ಅನಂತರ. ಅದು ನಿರ್ಧಾರವನ್ನು ಮಾಡಿಕೊಡಲಿಲ್ಲ. ಮಾಡಿದ ನಿರ್ಧಾರವನ್ನು ಹೊತ್ತು ನಡೆಯುವವನಿಗೆ ಜೊತೆಯಾಯಿತು. ಮರಳಿದುದರಿಂದ ಅವನಿಗೆ ದೊರೆತುದೇನು? 1943ರ ಏಪ್ರಿಲಿನಲ್ಲಿ ಸೆರೆಮನೆ, 1945ರ ಏಪ್ರಿಲ್ 9ರಂದು ಫ್ಲೊಸೆನ್‌ಬುರ್ಗಿನಲ್ಲಿ ನೇಣು. ವಾಕ್ಯದಿಂದ ನಿರ್ಧಾರ ಮಾಡಿದರೆ ಎಲ್ಲವೂ ಸುಗಮವಾಗುವುದೆಂದು ಹೇಳುವವರು ಇವನ ಹೆಸರನ್ನು ಎತ್ತದಿರುವುದೇ ಲೇಸು.

ಇಷ್ಟೆಲ್ಲ ಓದಿ ತಿಳಿದುಕೊಂಡುದು ಆಮೇಲೆ. ಮೊದಲು ಬಂದುದು ಅವ್ವನ ಕಾಯಿಲೆ.

ನಾನು ಎರಡನೆಯ ವರ್ಷದಲ್ಲಿದ್ದಾಗ ಅವ್ವನಿಗೆ ಕೆಮ್ಮು ಹತ್ತಿತು. ಮೂರು ವಾರ ಕಳೆದರೂ ಬಿಡಲಿಲ್ಲ. ಸಂಜೆಯಾದರೆ ಜ್ವರ, ರಾತ್ರಿ ಬೆವರು. ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷಿಸಿ ಕ್ಷಯವೆಂದರು. ಜರ್ಮನಿಯ ಕಾಖ್ 1882ರಲ್ಲಿ ಕಂಡುಹಿಡಿದ ಆ ಕ್ರಿಮಿಯ ಕಥೆ ನಾವೆಲ್ಲ ಶಾಲೆಯಲ್ಲಿ ಓದಿದುದೇ; ಆದರೆ ಪಾಠದ ಕ್ರಿಮಿ ಬೇರೆ, ಅಡಿಗೆಮನೆಯಲ್ಲಿ ಕೂತು ಕೆಮ್ಮುವ ಕ್ರಿಮಿ ಬೇರೆ. ಆರು ತಿಂಗಳ ಚಿಕಿತ್ಸೆ, ಮೊದಲಿನ ಎರಡು ತಿಂಗಳು ನಾಲ್ಕು ಬಗೆಯ ಔಷಧ, ಆಮೇಲೆ ನಾಲ್ಕು ತಿಂಗಳು ಮೂರು ಬಗೆ, ಎಲ್ಲವೂ ಉಚಿತ, ಒಂದು ದಿನವೂ ತಪ್ಪಿಸಬಾರದು ಎಂದು ಹೇಳಿ ಕಳಿಸಿದರು. ಪೌಷ್ಟಿಕ ಆಹಾರಕ್ಕೆಂದು 2018ರಲ್ಲಿ ಸರಕಾರ ಆರಂಭಿಸಿದ ಸಹಾಯಧನಕ್ಕೂ ಹೆಸರು ಬರೆದುಕೊಂಡರು.

ಆ ರಾತ್ರಿ ಕುಟುಂಬ ಪ್ರಾರ್ಥನೆ ನಡೆಯಿತು. ನಮ್ಮಲ್ಲಿ ಒಂದು ಮಾತಿದೆ, ಅದು ಅಪ್ಪನದೇ: "ಆಮೆನ್ ಅಂದ ಮ್ಯಾಲೆ ಪೆನ್ಸಿಲ್ ತಗೀಬೇಕು." ಅಂದೂ ಹಾಗೆಯೇ ಮಾಡಿದ. ನನ್ನ ಇತಿಹಾಸದ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಲೆಕ್ಕ ಬರೆಯತೊಡಗಿದ. ಹೊಲದ ಲಾವಣಿ ಇಷ್ಟು, ಕಳೆ ತೆಗೆಯಲು ಕೂಲಿ ಇಷ್ಟು, ತಮ್ಮನ ಶಾಲೆಗೆ ಇಷ್ಟು. ಮನೆಗೆಲಸಕ್ಕೆ ಯಾರು? ಸೋದರತ್ತೆಯವರು ಆಗಲೇ ತೀರ್ಪು ಕೊಟ್ಟಿದ್ದರು: ಹುಡುಗಿಯನ್ನು ಕಾಲೇಜು ಬಿಡಿಸಿ. ಅವರ ಮಾತಿನಲ್ಲಿ ದುಷ್ಟತನವಿರಲಿಲ್ಲ. ನಮ್ಮ ವಂಶದಲ್ಲಿ ಹತ್ತನೆಯ ತರಗತಿ ದಾಟಿದವರೇ ಇರಲಿಲ್ಲವಾದ್ದರಿಂದ, ಬಿಟ್ಟರೆ ನಷ್ಟವೇನೆಂದು ಅವರಿಗೆ ತಿಳಿಯುವಂತಿರಲಿಲ್ಲ. ಅವ್ವ ಎದ್ದು ಹಾಲು ಕರೆಯುವಂತಿಲ್ಲವಾದುದರಿಂದ ಎಮ್ಮೆಯನ್ನು ಮಾರುವುದೆಂದಾಯಿತು. ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು 2023ರ ಜೂನಿನಲ್ಲಿ ಉಚಿತವಾಗಿದ್ದುದರಿಂದ ನನ್ನ ಓಡಾಟಕ್ಕೆ ಖರ್ಚಿರಲಿಲ್ಲ. ನಸುಕಿನಲ್ಲಿ ನಾನು ರೊಟ್ಟಿ ಬಡಿದು ಬಸ್ಸು ಹಿಡಿಯುವುದು, ಮಧ್ಯಾಹ್ನದ ಮಾತ್ರೆ-ಊಟ ಅಪ್ಪ ನೋಡುವುದು, ಸಂಜೆ ನೀರು ತಮ್ಮ ತರುವುದು ಎಂದು ಏರ್ಪಾಟಾಯಿತು.

ಆ ರಾತ್ರಿ ಯಾವ ದಿವ್ಯವಾಣಿಯೂ ಕೇಳಿಬರಲಿಲ್ಲ. ಕಾಲೇಜು ಬಿಡು ಎಂದಾಗಲಿ ಬಿಡಬೇಡ ಎಂದಾಗಲಿ ನನಗೆ ಯಾರೂ ಹೇಳಲಿಲ್ಲ. ಲೆಕ್ಕದಲ್ಲಿ ಸರಿಹೊಂದಿದುದನ್ನು ಮಾಡಿದೆವು. ಆದರೆ ಒಂದು ಸಂಗತಿಯನ್ನು ಮಾತ್ರ ಗಮನಿಸಿದೆ: ಎಮ್ಮೆ ಮಾರಿ, ಹೆಂಡತಿಯ ಜೀವ ಉಳಿಯುವುದೋ ಇಲ್ಲವೋ ತಿಳಿಯದೆ ಇದ್ದ ನಮ್ಮಪ್ಪ ಆ ರಾತ್ರಿ ಕಂಬಳಿ ಹೊದ್ದು ನಿದ್ದೆ ಮಾಡಿದ. ಅವನ ಗೊರಕೆ ಕೇಳಿ ಮೊದಲು ನನಗೆ ಕೋಪವೇ ಬಂದಿತು. ಬಿರುಗಾಳಿಗೆ ಸಿಕ್ಕಿದ ದೋಣಿಯಲ್ಲಿ ತಲೆದಿಂಬಿಟ್ಟು ಮಲಗಿದ್ದ ಗುರುವನ್ನು ಕಂಡು ಶಿಷ್ಯರಿಗೆ ಬಂದ ಕೋಪ ಎಂತಹುದೆಂದು ಅಂದು ಅರ್ಥವಾಯಿತು.

ಎರಡು ತಿಂಗಳು ತುಂಬುವ ಹೊತ್ತಿಗೆ ಅವ್ವನ ಕೆಮ್ಮು ನಿಂತಿತು, ಜ್ವರ ಬಿಟ್ಟಿತು, ಊಟ ಸೇರತೊಡಗಿತು. ನಿಜವಾದ ಅಪಾಯ ಬಂದುದು ಆಗ. ಪ್ರಾರ್ಥನಾಕೂಟಗಳನ್ನು ನಡೆಸುತ್ತ ಊರೂರು ಸುತ್ತುವ ಒಬ್ಬರು ನಮ್ಮ ಮನೆಗೆ ಬಂದರು. ಅವ್ವನ ತಲೆಯ ಮೇಲೆ ಕೈಯಿಟ್ಟು ಕಣ್ಣೀರು ಸುರಿಸಿ ಪ್ರಾರ್ಥಿಸಿದರು. ಆ ಕಣ್ಣೀರು ನಟನೆಯದಲ್ಲವೆಂದು ಇಂದಿಗೂ ನಂಬುತ್ತೇನೆ. ಅನಂತರ, "ನಿಮಗೆ ಸ್ವಸ್ಥವಾಗಿದೆ, ಇನ್ನು ಮಾತ್ರೆ ನುಂಗುವುದು ದೇವರ ಮೇಲೆ ಅವಿಶ್ವಾಸ" ಎಂದರು. ಮಾತ್ರೆ ತೆಗೆದುಕೊಂಡಂದಿನಿಂದ ಮೂತ್ರ ಕೆಂಪಾಗುತ್ತಿದೆ ಎಂದು ಅವ್ವ ಅಂಜಿಕೆಯಿಂದ ಹೇಳಿದಾಗ, ನೋಡಿರಿ, ವಿಷವೇ ಹೊರಗೆ ಬರುತ್ತಿದೆ ಎಂದರು. ಅದು ರಿಫಾಂಪಿಸಿನ್ ಎಂಬ ಔಷಧದ ಬಣ್ಣವೆಂದೂ ಅದರಿಂದ ಹಾನಿಯಿಲ್ಲವೆಂದೂ ಆಶಾ ಕಾರ್ಯಕರ್ತೆ ಮೊದಲೇ ಹೇಳಿದ್ದಳು. ಆದರೆ ಆಶಾ ಕಾರ್ಯಕರ್ತೆಯ ಮಾತಿಗಿಂತ ದೇವರ ಹೆಸರಿನಲ್ಲಿ ಬಂದ ಮಾತಿಗೆ ತೂಕ ಹೆಚ್ಚಲ್ಲವೆ? ಅವ್ವ ಎರಡು ದಿನ ಮಾತ್ರೆಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಕುಳಿತಳು. ನುಂಗುತ್ತಿದ್ದಳು, ಆದರೆ ನುಂಗುವಾಗ ಪಾಪ ಮಾಡಿದವಳಂತೆ ಮುಖ ಮಾಡುತ್ತಿದ್ದಳು. ಕಾಯಿಲೆ ಅವಳಿಂದ ಕಿತ್ತುಕೊಳ್ಳದೆ ಇದ್ದುದನ್ನು ಆ ಒಂದು ಮಾತು ಕಿತ್ತುಕೊಂಡಿತ್ತು.

ಅಪ್ಪ ವಾದ ಮಾಡುವವನಲ್ಲ. ಮೂರನೆಯ ರಾತ್ರಿ ಸತ್ಯವೇದವನ್ನು ನನ್ನ ಕೈಗೆ ಕೊಟ್ಟು ಹಿಜ್ಕೀಯ ಅರಸನ ಕಾಯಿಲೆಯ ಭಾಗವನ್ನು ಓದೆಂದ. ಅರಸನು ಸಾಯುವ ಸ್ಥಿತಿಯಲ್ಲಿದ್ದು ಗೋಡೆಯ ಕಡೆಗೆ ತಿರುಗಿ ಅಳುತ್ತ ಪ್ರಾರ್ಥಿಸುತ್ತಾನೆ. ದೇವರು ಕೇಳಿದನೆಂದೂ, ಆಯುಷ್ಯಕ್ಕೆ ಹದಿನೈದು ವರ್ಷ ಕೂಡಿಸಿದನೆಂದೂ ಪ್ರವಾದಿ ಯೆಶಾಯನು ಬಂದು ಹೇಳುತ್ತಾನೆ. ಅದಾದ ಮೇಲೆ ಅದೇ ಪ್ರವಾದಿ ಅಂಜೂರದ ಹಣ್ಣಿನ ಉಂಡೆಯನ್ನು ತರಿಸಿ ಹುಣ್ಣಿಗೆ ಕಟ್ಟಿಸುತ್ತಾನೆ. ಅಲ್ಲಿಗೆ ನಿಲ್ಲಿಸು ಎಂದ ಅಪ್ಪ. ಮಾತು ಕೊಟ್ಟವನು ದೇವರು, ಮಾತು ತಂದವನು ಪ್ರವಾದಿ, ಆದರೂ ಹುಣ್ಣಿಗೆ ಅಂಜೂರ ತಪ್ಪಲಿಲ್ಲ. "ಯೆಶಾಯಗ ನಂಬಿಕಿ ಕಡಿಮಿ ಇತ್ತೇನು?" ಎಂದು ಕೇಳಿದ. ಅವ್ವ ಬಹಳ ದಿನಗಳ ಮೇಲೆ ನಕ್ಕಳು. ಅಂದಿನಿಂದ ನಮ್ಮ ಮನೆಯಲ್ಲಿ ಮಾತ್ರೆಗೆ ಅಂಜೂರವೆಂದೇ ಹೆಸರಾಯಿತು. "ಅಂಜೂರ ನುಂಗಿದಿ?" ಎಂದು ತಮ್ಮ ಶಾಲೆಯಿಂದ ಬಂದು ಕೇಳುತ್ತಿದ್ದ.

ಮಾತ್ರೆಯನ್ನು ನಡುವೆ ಬಿಟ್ಟರೆ ಅಳಿದುಳಿದ ಕ್ರಿಮಿಗಳು ಔಷಧಕ್ಕೆ ಬಗ್ಗದಂತಾಗುತ್ತವೆ, ಆಮೇಲೆ ಚಿಕಿತ್ಸೆ ಇನ್ನೂ ಕಠಿಣವಾಗುತ್ತದೆ ಎಂಬುದು ವೈದ್ಯರ ಮಾತು. ಅದು ಸಾಕಾಗುವಂತಹ ಕಾರಣವೇ. ಆದರೆ ಅವ್ವನಿಗೆ ಬೇಕಾಗಿದ್ದುದು ಮಾತ್ರೆ ನುಂಗಲು ಕಾರಣವಲ್ಲ, ಮಾತ್ರೆ ನುಂಗಿಯೂ ದೇವರ ಮಗಳಾಗಿ ಉಳಿಯಲು ಅಪ್ಪಣೆ. ಅದು ವೈದ್ಯರ ಕೈಯಲ್ಲಿ ಇರಲಿಲ್ಲ.

ಆ ವರ್ಷ ಅವ್ವನಿಗೆ ಬಂದಿದ್ದ ವಾಗ್ದಾನದ ಚೀಟಿ ಯೆರೆಮೀಯನ ಇಪ್ಪತ್ತೊಂಬತ್ತನೆಯ ಅಧ್ಯಾಯದ್ದು: ನಿಮಗೆ ಹಿತವನ್ನು, ನಿರೀಕ್ಷೆಯನ್ನು ಕೊಡುವ ಯೋಚನೆಗಳೇ ನನ್ನಲ್ಲಿವೆ ಎಂಬರ್ಥದ ವಾಕ್ಯ. ಕ್ರೈಸ್ತರ ಮನೆಗೆ ಹೋದವರು ಗೋಡೆಯ ಮೇಲೆ ಅದನ್ನು ಕಂಡಿರಬಹುದು, ಅಷ್ಟು ಪ್ರಸಿದ್ಧ. ಬಸ್ಸಿನಲ್ಲಿ ಬರುವಾಗ ಒಂದು ದಿನ ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಯೆರೆಮೀಯನು ಬರೆದ ಪತ್ರವದು. ಮನೆ ಕಟ್ಟಿಕೊಳ್ಳಿರಿ, ತೋಟ ಹಾಕಿರಿ, ಮಕ್ಕಳ ಮದುವೆ ಮಾಡಿರಿ, ಬಿಡುಗಡೆಗೆ ಎಪ್ಪತ್ತು ವರ್ಷ ಎಂದು ಅದು ಹೇಳುತ್ತದೆ. ಅಂದರೆ ಪತ್ರ ಕೇಳಿದ ನಡುವಯಸ್ಸಿನವರು ಯಾರೂ ಬಿಡುಗಡೆಯನ್ನು ಕಣ್ಣಾರೆ ಕಾಣುವಂತಿರಲಿಲ್ಲ! ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಅವನು ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದು ಸಾರಿ, ಯೆರೆಮೀಯನ ಹೆಗಲ ಮೇಲಿನ ಮರದ ನೊಗವನ್ನು ಕಿತ್ತು ಮುರಿಯುತ್ತಾನೆ. ಜನರಿಗೆ ಇಷ್ಟವಾದವನು ಯಾರಿರಬೇಕು ಹೇಳಿ! ನಮ್ಮ ಮನೆಗೆ ಬಂದಿದ್ದವರ ನೆನಪಾಯಿತು. ಆರು ತಿಂಗಳೆಂದರೆ ಎಪ್ಪತ್ತು ವರ್ಷವಲ್ಲ. ಆದರೂ ದಿನಕ್ಕೊಮ್ಮೆ ನುಂಗುವ ಮಾತ್ರೆಯಲ್ಲಿ ತೋಟ ಹಾಕಿ ಕಾಯುವವರ ನೆಚ್ಚಿಕೆಯೇ ಇದೆಯೆಂದು ಅಂದುಕೊಂಡೆ.

ಆರು ತಿಂಗಳು ಮುಗಿದು ಅವ್ವನ ಕಫದಲ್ಲಿ ಕ್ರಿಮಿಯಿಲ್ಲವೆಂದರು. ಗೆಳತಿಗೆ ಇದನ್ನೆಲ್ಲ ಹೇಳಿದಾಗ ಅವಳು ತರ್ಕಶಾಸ್ತ್ರದ ವಿದ್ಯಾರ್ಥಿನಿಯಂತೆ, "ಹಾಗಾದರೆ ವಾಸಿ ಮಾಡಿದುದು ಮಾತ್ರೆ. ದೇವರಿಗೆ ವಂದನೆ ಯಾತಕ್ಕೆ?" ಎಂದಳು. ಪ್ರಶ್ನೆ ಸರಿಯಾದುದೇ. ಇದಕ್ಕಿಂತ ಕಠಿಣವಾದುದೊಂದು ನಮ್ಮ ದೇವಾಲಯದಲ್ಲಿಯೇ ಇದೆ. ನಮ್ಮ ಸಭೆಯ ಹಿರಿಯರೊಬ್ಬರಿಗೂ ಅದೇ ವರ್ಷ ಅದೇ ರೋಗ ಬಂದಿತ್ತು. ಸಕ್ಕರೆ ಕಾಯಿಲೆಯೂ ಜೊತೆಗಿತ್ತು. ಅದೇ ಮಾತ್ರೆ ನುಂಗಿದರು. ಅವರಿಗಾಗಿ ಅದೇ ಬೆಂಚುಗಳಲ್ಲಿ ಅದೇ ಜನ ಮೊಣಕಾಲೂರಿದರು. ನಾಲ್ಕನೆಯ ತಿಂಗಳಿನಲ್ಲಿ ತೀರಿಕೊಂಡರು. ಅವರ ಪತ್ನಿ ಪ್ರತಿ ಭಾನುವಾರ ಮೂರನೆಯ ಸಾಲಿನಲ್ಲಿ ಕೂಡುತ್ತಾರೆ. ಪ್ರಾರ್ಥನೆಗೆ ಇಂತಿಷ್ಟು ಫಲವೆಂದು ಲೆಕ್ಕ ಕಟ್ಟುವವರು ಆ ಮೂರನೆಯ ಸಾಲನ್ನು ನೋಡಿ ಕಟ್ಟಬೇಕು. ನನ್ನಿಂದ ಆಗದು.

ಸುಗ್ಗಿಯ ಕೃತಜ್ಞತಾ ಆರಾಧನೆಯಲ್ಲಿ ಜನರು ತಂದ ಜೋಳ, ಕಡಲೆ, ಕುಂಬಳಕಾಯಿಗಳ ಸವಾಲು ಮುಗಿದ ಮೇಲೆ, ಅವ್ವನನ್ನು ಎದ್ದು ಸಾಕ್ಷಿ ಹೇಳೆಂದರು. ಸಾಕ್ಷಿಯೆಂದರೆ ತನಗಾದ ದೇವರ ಉಪಕಾರವನ್ನು ಎಲ್ಲರೆದುರು ಹೇಳುವುದು. ಕೆಲವರು ಅದನ್ನು ಅರ್ಧ ಗಂಟೆ ಹೇಳುತ್ತಾರೆ. ಅವ್ವ ಎದ್ದು, ಆರು ತಿಂಗಳು ಮಾತ್ರೆ ನುಂಗಿದೆ, ಒಂದು ದಿನವೂ ತಪ್ಪಿಸಲಿಲ್ಲ, ಆಶಾ ಕಾರ್ಯಕರ್ತೆ ಬಿಸಿಲಲ್ಲಿ ನಡೆದು ಬಂದಳು, ಸ್ವಾಮಿಗೆ ಸ್ತೋತ್ರ ಎಂದು ಕುಳಿತಳು. ಆರಾಧನೆ ಮುಗಿದ ಮೇಲೆ ಸವಾಲಿನಲ್ಲಿ ಕೊಂಡ ಕುಂಬಳಕಾಯಿಯನ್ನು ಒಯ್ದು ಮೂರನೆಯ ಸಾಲಿನ ಅಮ್ಮನ ಮಡಿಲಲ್ಲಿಟ್ಟಳು. ಇಬ್ಬರೂ ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ.

ಗೆಳತಿಯ ಪ್ರಶ್ನೆಗೆ ಇದು ಉತ್ತರವಾಯಿತೆ? ಅವಳಿಗೆ ಹೇಳಬಲ್ಲುದಿಷ್ಟೆ: ನಮ್ಮ ಮನೆಯಲ್ಲಿ ದೇವರು ಲೆಕ್ಕ ಮಾಡಿಕೊಡಲಿಲ್ಲ, ಮಾತ್ರೆಯ ಬದಲಿಗೂ ಬರಲಿಲ್ಲ. ಆದರೆ ಲೆಕ್ಕ ಮಾಡುವವನ ಕೈ ನಡುಗದಿದ್ದುದು, ಮಾತ್ರೆ ನುಂಗುವವಳು ನೂರೆಂಬತ್ತು ದಿನ ಬೇಸರಿಸದಿದ್ದುದು, ಇವು ಎಲ್ಲಿಂದ ಬಂದವೆಂದು ಕೇಳಿದರೆ ನಮ್ಮವರು ತೋರಿಸುವುದು ಒಂದೇ ಕಡೆಗೆ. ಅವಳು ಬೇರೆ ಕಡೆಗೆ ತೋರಿಸಿದರೆ ಜಗಳವಾಡುವ ಇಚ್ಛೆ ನನಗಿಲ್ಲ.

ಈಗ ನನ್ನ ಸರದಿ. ಪರೀಕ್ಷೆ ಮುಗಿದ ಮೇಲೆ ಧಾರವಾಡಕ್ಕೆ ಹೋಗಿ ಬಿ.ಎಡ್. ಸೇರುವುದೋ, ಗದುಗಿನಲ್ಲಿಯೇ ಯಾವುದಾದರೂ ಕೆಲಸ ಹಿಡಿದು ತಮ್ಮನನ್ನು ಓದಿಸುವುದೋ ಎಂಬುದು ಮನೆಯಲ್ಲಿ ಚರ್ಚೆಯಲ್ಲಿದೆ. ಈ ವರ್ಷ ನನಗೆ ಬಂದ ಚೀಟಿ ಒಂದು ಕೀರ್ತನೆಯದು. ಅದರಲ್ಲಿ ಧಾರವಾಡದ ಹೆಸರೂ ಇಲ್ಲ, ಗದುಗಿನ ಹೆಸರೂ ಇಲ್ಲ. ಮೊನ್ನೆ ರಾತ್ರಿ ಆಮೆನ್ ಆದ ಮೇಲೆ ಪೆನ್ಸಿಲ್ಲನ್ನು ಅಪ್ಪ ನನ್ನ ಕೈಗೇ ಕೊಟ್ಟ. ಶುಲ್ಕ, ವಸತಿ, ತಮ್ಮನ ಪುಸ್ತಕಗಳು, ಎಲ್ಲವನ್ನೂ ಬರೆದಿದ್ದೇನೆ. ಒಂದು ಸಾಲು ಮಾತ್ರ ಖಾಲಿ ಉಳಿದಿದೆ. ಅದು ಜೋಳದ್ದು. ಹಕ್ಕಿಗಳು ತಿಂದು ಉಳಿದುದು ಎಷ್ಟು ಚೀಲವಾಗುವುದೆಂದು ರಾಶಿಯಾದ ಮೇಲೆ ತುಂಬಬೇಕು.